ಚೌಕಶಿಗೆ ಬಂದವರಿಗೆ ಕಾಕು ಹೇಳಿದ್ದು

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯೊಳಗ ಹದಿನೆಂಟು ವರ್ಷದಿಂದ ನಾ ಸುಳ್ಳ ಹಿಡಿಯೂ ಕೆಲಸಾನ ಮಾಡಾಕತ್ತೀನಿ. ಎರಕಾ ಹೊಯ್ದ ಕಬ್ಬಿಣದ ತುಂಡು ನನ್ನ ಟೇಬಲ್ಲಿಗೆ ಬರ್ತಾವ. ಸಣ್ಣ ಸುತಗಿಲೆ ಒಂದು ಪೆಟ್ಟು ಹಾಕ್ತೀನಿ. ಗಟ್ಟಿ ಇದ್ದದ್ದು ಠಣ್ ಅಂತೈತಿ, ಒಳಗ ಬಿರುಕು ಬಿಟ್ಟದ್ದು ಠಪ್ ಅಂತೈತಿ. ತೂತಿನಾಗ ಪುಟ್ಟಿ ತುಂಬಿ, ಮ್ಯಾಲೆ ಬಣ್ಣಾ ಹೊಡದು ಕಳಸೂ ಮಂದಿನೂ ಇರ್ತಾರ. ಅಂಥಾದ್ರಾಗ ಕಣ್ಣು ಮೋಸ ಹೋಗ್ತಾವ, ಕಿವಿ ಹೋಗಂಗಿಲ್ಲ. ಹಿಂಗಾಗಿ ನನಗ ಒಂದು ಸೊಕ್ಕು ಇತ್ತು. ಕಬ್ಬಿಣಾನ ನನ್ನ ಮುಂದ ಸುಳ್ಳ ಹೇಳಂಗಿಲ್ಲ, ಇನ್ನ ಮನಷ್ಯಾರು ಏನ ಹೇಳ್ತಾರ ಅಂತ.

ಆ ಸೊಕ್ಕು ಮುರದಾಕಿ ನಮ್ಮ ಬಾಜೂಮನಿ ಕಾಕು. ನಮ್ಮ ಮನ್ಯಾಗ ಚಹಾ ಕುಡದು, ನಮ್ಮವ್ವನ ಜೋಡಿ ಶೇಂಗಾ ಸುಲದು, ನನ್ನ ತಂಗಿ ಬಾಳೇ ಸುಡಾಕ ಕುಂತಿದ್ಲು. ನನಗ ಗೊತ್ತಾಗಾಕ ಎರಡು ವರ್ಷ ಹಿಡೀತು. ಇವತ್ತಿಗೂ ಅದನ್ನ ಮರ್ಯಾಕ ಆಗಿಲ್ಲ, ಅದಕ್ಕ ಬರ್ಯಾಕತ್ತೀನಿ.

ಅಪ್ಪ ತೀರಿಕೊಂಡ ಮ್ಯಾಲೆ ಮನ್ಯಾಗ ಉಳದವರು ಅವ್ವ, ನಾನು, ಮನಿಅಳಿಯ ಆಗಿ ಬಂದ ನನ್ನ ಗಂಡ, ಆಮ್ಯಾಲೆ ನನ್ನ ತಂಗಿ. ತಂಗಿ ಒಂದು ದವಾಖಾನ್ಯಾಗ ನರ್ಸ್. ನನಗಿಂತ ಹನ್ನೆರಡು ವರ್ಷ ಸಣ್ಣಾಕಿ, ಗಟ್ಟಿಯಾಗಿ ಮಾತಾಡಿದ್ದ ನಾ ಕೇಳಿಲ್ಲ. ನಾ ಆಕಿ ಪಾಲಿಂದೂ ಸೇರಿಸಿ ಮಾತಾಡ್ತೀನಿ ಅಂತ ಅವ್ವ ಅಂತಿರ್ತಾಳ. ಆಕಿಗೆ ಒಂದ ಛಲೋ ಮನಿ ನೋಡಿ ಕೊಡಬೇಕು ಅನ್ನೂದು ಅಪ್ಪ ನನ್ನ ಕೈ ಹಿಡದು ಹೇಳಿ ಹೋದ ಮಾತು.

ಕಾಕು ಅಂದ್ರ ಮರಾಠ್ಯಾಗ ಚಿಗವ್ವ, ಆದ್ರ ನಮಗ ರಕ್ತಸಂಬಂಧ ಏನಿಲ್ಲ. ಗ್ವಾಡಿ ಒಂದ, ಬಾಗಲಾ ಎರಡು. ಅರವತ್ತು ದಾಟ್ಯಾವ, ಗಂಡ ಇಲ್ಲ, ಮಕ್ಕಳಾಗಿಲ್ಲ, ಖಾನಾಪುರದಾಗ ಒಬ್ಬ ತಮ್ಮನ ಮಗ ಅದಾನ. ದನಿ ಏನು, ನಡಗಿ ಏನು, ಇಡೀ ಓಣಿ ಆಕಿ ಕೈಯಾಗ. ಮಾತಿನಾಗ ಅರ್ಧಾ ಕನ್ನಡ, ಅರ್ಧಾ ಮರಾಠಿ. ನಮ್ಮ ಬೆಳಗಾವ್ಯಾಗ ಯಾರು ಹಂಗ ಮಾತಾಡಂಗಿಲ್ಲ ಹೇಳ್ರಿ? ಆದ್ರ ಇದನ್ನ ನೆನಪಿಟ್ಟುಕೊಳ್ರಿ, ಮುಂದ ಬೇಕಾಗ್ತೈತಿ.

ಕಾಕುಗೆ ಸಕ್ಕರಿ ಬ್ಯಾನಿ. ಮುಂಜಾನೆ ಒಂದು, ಸಂಜಿಕ ಒಂದು ಇನ್ಸುಲಿನ್ ಸೂಜಿ ಆಗಬೇಕು. ಆರು ವರ್ಷದ ಹಿಂದ ದವಾಖಾನ್ಯಾಗ ಪೆನ್ನಿನಂಥಾ ಸೂಜಿ ಕೈಯಾಗ ಕೊಟ್ಟು, ನೀವ ಚುಚ್ಚಿಕೊಳ್ರಿ ಅಂತ ಕಲಿಸಿ ಕಳಿಸಿದ್ರಂತ. ಮನಿಗೆ ಬಂದಾಕಿನ ನಮ್ಮ ಕಟ್ಟಿ ಮ್ಯಾಲೆ ಕುಂತು ಕಣ್ಣೀರು ಹಾಕಿದ್ಲು. ಕೈ ನಡಗತಾವ, ಕಣ್ಣು ಮಂಜ ಆಗ್ಯಾವ, ನಾ ಹೆಂಗ ಚುಚ್ಚಿಕೊಳ್ಳಲಿ ಅಂತ. ತಂಗಿ ಎದ್ದು ಹೋಗಿ ಚುಚ್ಚಿ ಬಂದ್ಲು. ಅವತ್ತು ಎದ್ದಾಕಿ ಆರು ವರ್ಷ ಕುಂದರಲಿಲ್ಲ. ಮುಂಜಾನೆ ಏಳಕ್ಕೊಮ್ಮೆ, ಸಂಜಿಕ ಏಳಕ್ಕೊಮ್ಮೆ. ಗೆಳತ್ಯಾರು ಗೋವಾಕ ಹೋದ್ರು, ಇಕಿ ಹೋಗಲಿಲ್ಲ. ಖಾನಾಪುರದಾಗ ಚಿಗವ್ವನ ಮಗಳ ಲಗ್ನಾ ಇದ್ದಾಗ ಉಣ್ಣಾಕ ಎಲಿ ಹಾಕಿದ್ರೂ ಏಳರೊಳಗ ಮುಟ್ಟಬೇಕಂತ ಬಸ್ಸು ಹಿಡದು ಬಂದ್ಲು. ನಾ ಚುಚ್ಚತೀನಿ ಅಂದ್ರ ಕಾಕು ಒಪ್ಪತಿರಲಿಲ್ಲ. ನಿಂದು ಸುತಗಿ ಹಿಡಿಯೂ ಕೈ, ನಿನ್ನ ತಂಗಿದು ಹೂವಿನಂಥಾ ಕೈ ಅಂತಿದ್ಲು. ನಾನೂ ನಕ್ಕು ಸುಮ್ಮನಾಗತಿದ್ದೆ.

ಇನ್ನೊಂದು ಮಾತು. ಕಾಕು ಕೌದಿ ಹೊಲೀತಿದ್ಲು. ಹಳೇ ಸೀರಿ, ಪತ್ತಲ ಪದರಾ ಪದರಾ ಜೋಡಿಸಿ, ಮೂರು ಮಧ್ಯಾಹ್ನ ಕುಂತ್ಲಂದ್ರ ಒಂದು ಅಂಚು ಮುಗೀತಿತ್ತು. ಹೊಲಿಗಿ ಅಂದ್ರ ಅಕ್ಕಿಕಾಳು ಸಾಲ ಹಿಡದಂಗ, ಒಂದೂ ಸೊಟ್ಟಿಲ್ಲ. ನಾ ಕೈಲೆ ಸವರಿ ಹೊಗಳತಿದ್ದೆ. ನಡಗೂ ಕೈ ಇಂಥಾ ಹೊಲಿಗಿ ಹೆಂಗ ಹಾಕತೈತಿ ಅಂತ ಒಂದ ದಿನರ ನನ್ನ ತಲಿಗೆ ಬರಲಿಲ್ಲ. ಹದಿನೆಂಟು ವರ್ಷದ ಅನುಭವ ಮಣ್ಣಾಗ ಹೋಗ್ಲಿ.

ತಂಗಿಗೆ ಗಂಡು ನೋಡಾಕ ಚಾಲೂ ಮಾಡಿದ್ವಿ. ನಮ್ಮ ಕಡೆ ಹೆಣ್ಣು ನೋಡಿ ಹೋದ ಮ್ಯಾಲೆ ಗಂಡಿನವರು ಚೌಕಶಿ ಮಾಡ್ತಾರ. ಹೇಳದ ಕೇಳದ ಓಣಿಗೆ ಬರ್ತಾರ, ಕಿರಾಣಿ ಅಂಗಡ್ಯಾಗ ಕೇಳ್ತಾರ, ಎದರಮನ್ಯಾಗ ಕೇಳ್ತಾರ, ಹುಡುಗಿ ಹೆಂಗ, ಮನಿತನ ಹೆಂಗ ಅಂತ. ಹೇಳಿದವರ ಹೆಸರು ಯಾರೂ ಯಾವತ್ತೂ ಬಾಯಿಬಿಡಂಗಿಲ್ಲ, ಅದು ಚೌಕಶಿ ಧರ್ಮ. ನಮ್ಮ ಮೂರ್ಖತನ ಅಂದ್ರ, ಬಂದವರಿಗೆ ನಾವ ದಾರಿ ತೋರಿಸಿದ್ವಿ. ಉಪ್ಪಿಟ್ಟು ಕೊಡೂವಾಗ ಅವ್ವ ಎದಿ ಉಬ್ಬಿಸಿ, ಬೇಕಾರ ಬಾಜೂಮನಿ ಕಾಕುನ್ನ ಕೇಳ್ರಿ, ಹುಟ್ಟಿದಾಗಿಂದ ನೋಡ್ಯಾರ ಅಂತಿದ್ಲು. ಕೋಳೀನ ಬೆಕ್ಕಿನ ಕೈಯಾಗ ಕೊಟ್ಟಂಗ.

ಮೊದಲಿನ ಗಂಡು ಧಾರವಾಡದಂವ. ಹುಡುಗಿ ಪಾಸ್ ಅಂದ್ರು, ಚೌಕಶಿ ಆತು, ಜಾತಕ ಕೂಡಲಿಲ್ಲ ಅಂತ ಫೋನ್ ಬಂತು. ಎರಡನೇದವರು ಫೋನೂ ಮಾಡಲಿಲ್ಲ. ಮೂರನೇದವರು ಖಾನಾಪುರದವರು, ಛಲೋ ಮಂದಿ. ಸೀರಿ ಬಣ್ಣದ ಮಾತಿನ ತನಕ ಬಂದು, ಚೌಕಶಿ ಮಾಡಿ ಹೋದ ಮ್ಯಾಲೆ ಅವರೂ ಬಾಯಿ ಮುಚ್ಚಿದ್ರು. ತಂಗಿ ಬಚ್ಚಲದಾಗ ನೀರು ಬಿಟ್ಟುಕೊಂಡು ಅರ್ಧಾ ತಾಸು ಕುಂತ್ಲು, ಆಮ್ಯಾಲೆ ಮಾರಿ ವರಸಿಕೊಂಡು ಕಾಕುಗೆ ಸೂಜಿ ಚುಚ್ಚಾಕ ಹೋದ್ಲು. ಕಾಕು ಆಕಿ ತಲಿ ಸವರಿ, ಯೋಗ ಬರಬೇಕವ್ವ ಅಂದ್ಲಂತ.

ನನಗ ಸುಮ್ಮನ ಕುಂದರಾಕ ಆಗಲಿಲ್ಲ. ರವಿವಾರ ಖಾನಾಪುರದ ಬಸ್ಸು ಹತ್ತಿ ಆ ಗಂಡಿನ ತಾಯಿ ಮನಿಗೆ ಹೋದೆ. ಜಗಳಾಕ ಬಂದಿಲ್ಲ, ಏನು ಕಡಿಮಿ ಆತು ಹೇಳ್ರಿ, ನಮ್ಮ ಹುಡುಗಿ ಒಳಗೊಳಗ ಸುಡಾಕತ್ತಾಳ ಅಂದೆ. ಆ ತಾಯಿ ಸೆರಗಿನ ತುದಿ ತಿರುವಿಕೋತ ಹೇಳಿದ್ಲು, ನಿಮ್ಮ ತಂಗಿಗೆ ಫಿಟ್ಸ್ ಬರ್ತಿದ್ವಂತಲ್ಲ, ನೀವು ಮುಚ್ಚಿಟ್ಟಿದ್ದು ಬ್ಯಾಸರಾತು ಅಂತ. ಹೇಳಿದವರು ಕೆಟ್ಟ ಮನಸ್ಸಲೆ ಹೇಳಿಲ್ಲವ್ವ, ಗುಳಿಗಿ ಬಿಟ್ಟಾಳ, ಈಗ ಆರಾಮ ಅದಾಳ ಅಂತ ಹೊಗಳಿನ ಹೇಳಿದ್ರು ಅಂದ್ಲು.

ನನ್ನ ತಂಗಿಗೆ ನೆಗಡಿ ಬಿಟ್ಟು ಇನ್ನೊಂದು ಬ್ಯಾನಿ ಬಂದದ್ದು ನಾ ನೋಡಿಲ್ಲ. ಯಾರು ಹೇಳಿದ್ರು ಅಂತ ಕೇಳಿದೆ.

"ಅದೊಂದು ಕೇಳಬ್ಯಾಡ," ಅಂದ್ಲು ಆ ತಾಯಿ. "ಹೆಸರು ಹೇಳಿದ್ರ ನಾಳೆ ನನ್ನ ಮಗಳ ಚೌಕಶಿಗೆ ಹೋದಾಗ ಯಾರೂ ಖರೇ ಹೇಳಂಗಿಲ್ಲ."

ಸಾವಿರ ಸುಳ್ಳ ಹೇಳಿ ಒಂದ ಲಗ್ನಾ ಮಾಡಬೇಕು ಅಂತ ನಮ್ಮ ಹಿರ್ಯಾರು ಹೇಳ್ತಾರ. ಇಲ್ಲಿ ಯಾರೋ ಒಂದ ಸುಳ್ಳಿನಾಗ ಮೂರು ಲಗ್ನಾ ಮುರದಿದ್ರು. ಬಸ್ಸಿನಾಗ ತಿರುಗಿ ಬರೂವಾಗ ನಾ ಓಣಿ ಮಂದೀನ ಒಬ್ಬೊಬ್ಬರನ್ನ ಮನಸ್ಸಿನಾಗ ಟೇಬಲ್ ಮ್ಯಾಲೆ ಇಟ್ಟು ಬಡದೆ. ಠಪ್ ಅಂದಂವ ಕಿರಾಣಿ ಅಂಗಡಿಯಂವ. ಒಮ್ಮೆ ರವಾದಾಗ ಹುಳ ಬಂದಿದ್ವು ಅಂತ ನಾ ಅಂವನ್ನ ನಾಕು ಮಂದಿ ಮುಂದ ಬೈದಿದ್ದೆ, ಅದರ ಸಿಟ್ಟು ತೀರಿಸಿಕೊಂಡಾನ ಅಂತ ಖಾತ್ರಿ ಮಾಡಿಕೊಂಡೆ. ಒಂದು ತಿಂಗಳು ಅಂವನ ಅಂಗಡಿ ಮೆಟ್ಟಲಾ ಹತ್ತಲಿಲ್ಲ. ಉಪ್ಪಿನ ಪಾಕೀಟಕ್ಕೂ ದೂರದ ಅಂಗಡಿಗೆ ಹೋದೆ, ಹೋಗೂವಾಗ ಅಂವನ ಎದರಿಗೆ ಥೂ ಅಂತ ಉಗಳಿದೆ. ಈ ಸಂಕಟಾ ಎಲ್ಲಾ ದಿನಾ ಸಂಜಿಕ ಯಾರ ಮುಂದ ಹೇಳಿಕೊಳ್ಳತಿದ್ದೆ ಗೊತ್ತೇನ್ರಿ? ಕಾಕು ಮುಂದ. ಆಕಿನೂ ಅಂಗಡಿಯಂವಗ ನಾಕು ಶಾಪಾ ಹಾಕಿ ನನಗ ಚಹಾ ಕೊಡತಿದ್ಲು.

ನನ್ನ ಜೋಡಿ ಫೌಂಡ್ರಿಯ ಪ್ಯಾಕಿಂಗಿನಾಗ ಕೆಲಸಾ ಮಾಡೂ ಗೆಳತಿ ಒಬ್ಬಾಕಿ ಅದಾಳ. ನಮ್ಮ ಜಾತಿ ಪೈಕಿನ, ಖಾನಾಪುರದಿಂದ ದಿನಾ ಬಂದು ಹೋಗ್ತಾಳ. ಆಕಿ ಎಲ್ಲಾ ಕೇಳಿ, ಹೆಸರು ಹೇಳಂಗಿಲ್ಲಂದ್ರ ನಾವ ಚೌಕಶಿಗೆ ಹೋಗೂಣು ತಡಿ ಅಂದ್ಲು. ನಮ್ಮ ಓಣ್ಯಾಗ ಆಕೀನ್ನ ಯಾರೂ ನೋಡಿರಲಿಲ್ಲ. ಮುಂದಿನ ರವಿವಾರ ತನ್ನ ಗಂಡನ್ನ ಕರಕೊಂಡು ಬಂದ್ಲು, ರೇಷ್ಮಿ ಸೀರಿ ಉಟ್ಟು, ಗಂಡಿನ ಅತ್ತಿಗಿ ಅಂತ ಹೇಳಿಕೊಂಡು. ಪರ್ಸಿನಾಗ ಮೋಬೈಲಿನ ರೆಕಾರ್ಡಿಂಗ್ ಚಾಲೂ ಇಟ್ಟಿದ್ಲು. ಅಂಗಡಿಗೆ ಹೋದ್ಲು, ಎದರಮನಿ ರಿಟೈರ್ ಆದ ಮಾಸ್ತರ ಕಡೆ ಹೋದ್ಲು, ಕಡೀಕ ಕಾಕು ಕಡೆ. ನಾ ಮನ್ಯಾಗ ಪಡದಾ ಹಿಂದ ಕುಂತು ಬೆರಳ ಕಡಕೊಂಡೆ.

ಸೋಮವಾರ ಊಟದ ಬಿಡುವಿನಾಗ ಕ್ಯಾಂಟೀನಿನ ಮೂಲ್ಯಾಗ ಕುಂತು ಕೇಳಿದೆ. ಅಂಗಡಿಯಂವ ಹೇಳಿದ್ದ, ಆ ಹುಡುಗಿಯಂಥಾಕಿ ದೀಪಾ ಹಚ್ಚಿ ಹುಡಕಿದ್ರೂ ಸಿಗಂಗಿಲ್ಲ, ಅಕ್ಕನ ಬಾಯಿ ಮಾತ್ರ ಜೋರ ಐತ್ರಿ. ಮಾಸ್ತರು ಎರಡು ಮಾತಿನಾಗ ಛಲೋ ಅಂದು ಮುಗಿಸಿದ್ರು. ಆಮ್ಯಾಲೆ ಕಪ್ಪು ಬಸಿ ಸಪ್ಪಳಾತು, ಕಾಕು ದನಿ ಬಂತು.

"ಬಂಗಾರದಂಥಾ ಹುಡುಗಿ. ನನ್ನ ಹೊಟ್ಟ್ಯಾಗ ಹುಟ್ಟಬೇಕಾಗಿತ್ತು. ಫಿಟ್ಸಿನ ಗುಳಿಗಿ ಬಿಟ್ಟು ವರ್ಷಾತು, ಈಗ ಆರಾಮ ಅದಾಳ. ನಾ ಹೇಳೇನಿ ಅಂತ ಮಾತ್ರ ಹೇಳಬ್ಯಾಡ್ರಿ."

ಎರಡು ಸಲ ಕೇಳಿದೆ. ಎರಡನೇ ಸಲಕ್ಕ ಕಿವಿಗೆ ಹತ್ತಿತು, ಅಷ್ಟೂ ಮಾತಿನಾಗ ಒಂದರ ಮರಾಠಿ ಶಬ್ದ ಇರಲಿಲ್ಲ. ಖರೇ ಮಾತಾಡೂವಾಗ ಎರಡೂ ಕಲಸಿ ಮಾತಾಡೂ ಬಾಯಿ, ಸುಳ್ಳ ಹೇಳೂವಾಗ ಅಕ್ಕಿ ಆರಿಸಿದಂಗ ಶಬ್ದ ಆರಿಸಿ ಇಡತಿತ್ತು. ಕೈ ನಡಗತಾವ ಅಂತ ಆರು ವರ್ಷದ ಹಿಂದ ನಮ್ಮ ಕಟ್ಟಿ ಮ್ಯಾಲೆ ಅತ್ತಾಗೂ ಹಂಗ ಶುದ್ಧ ಕನ್ನಡದಾಗ ಅತ್ತಿದ್ಲು, ಅದು ಅವಾಗ ನೆನಪಾತು. ಗೆಳತಿ ಶ್ಯಾಣ್ಯಾಕಿ, ಏಳೂವಾಗ ಒಂದು ಪ್ರಶ್ನಿ ಒಗದಿದ್ಲು, ಹುಡುಗಿ ಲಗ್ನಾಗಿ ಹೋದ್ರ ನಿಮಗ ಬ್ಯಾಸರಾಗತೈತೇನ್ರಿ ಅಂತ. ಕಾಕು ನಕ್ಕು, "ಮಾಝಂ ಕಸಂ ಹೋಣಾರ? ನನ್ನ ಸೂಜಿ ಯಾರು ಚುಚ್ಚಬೇಕು?" ಅಂದ್ಲು. ನಂದು ಹೆಂಗ ಆಗೂದು ಅಂತ ಕೇಳಿದ ಆ ಮಾತಿನಾಗ ಮರಾಠಿ ತಿರುಗಿ ಬಂದಿತ್ತು. ಅದೊಂದು ಖರೇ.

ಬಿಟ್ಟಿ ಸೂಜಿ ಸಲುವಾಗಿ ಕಾಕು ನನ್ನ ತಂಗೀ ಲಗ್ನಾ ಮುರದಿದ್ಲು. ಉಂಡ ಮನಿ ಗಳಾ ಹಿರಿಯೂದು ಅಂದ್ರ ಇದ. ಊಟದ ಡಬ್ಬಿ ಮುಚ್ಚಿಟ್ಟೆ. ಅವತ್ತು ಮಧ್ಯಾಹ್ನ ನನ್ನ ಟೇಬಲ್ಲಿಗೆ ಬಂದ ಕಬ್ಬಿಣಕ್ಕ ಬಿದ್ದ ಪೆಟ್ಟು ನೋಡಿ ಸೂಪರ್‌ವೈಜರ್ ಬಂದು, ಅಕ್ಕಾರ, ಮಾಲು ಚೆಕ್ ಮಾಡ್ರಿ, ಒಡೀಬ್ಯಾಡ್ರಿ ಅಂದ.

ಸಂಜಿಕ ಅದನ್ನ ನನ್ನ ಮೋಬೈಲಿಗೆ ಹಾಕಿಸಿಕೊಂಡು ಬಂದು ತಂಗಿಗೆ ಕೇಳಿಸಿದೆ. ಆಕಿ ಮಾರಿ ಬಿಳಚಿಕೊಂಡಿತು. ಮೋಬೈಲ್ ತಿರುಗಿ ನನ್ನ ಕೈಯಾಗ ಇಟ್ಟು, ಒಬ್ಬಾಕಿ ಅದಾಳಲ್ಲ, ಹೆದರಿರಬೇಕು, ಪಾಪ ಅಂದ್ಲು. ಪಾಪ ಅಂತ! ನಾ ಕಾಕುನ್ನ ಕಟ್ಟಿಗೆ ಎಳದು ಓಣಿ ಕೂಡಿಸ್ತೀನಿ ಅಂತ ಎದ್ದೆ. ತಂಗಿ ನನ್ನ ಕೈ ಗಟ್ಟಿ ಹಿಡದ್ಲು. ನಾ ಈ ಮನ್ಯಾಗ ಇರೂತನಕಾ ಸೂಜಿ ತಪ್ಪಸಂಗಿಲ್ಲ, ನೀನೂ ಏನೂ ಅನ್ನಬಾರದು, ಆಣಿ ಮಾಡು ಅಂದ್ಲು. ಮಾಡಿದೆ. ಆಕಿ ಇರೂತನಕಾ ಅಂತ ಅಷ್ಟ ಮಾಡಿದೆ.

ಮರುದಿವಸ ಅಂಗಡಿಗೆ ಹೋಗಿ, ಬೇಕಾಗಿರಲಿಲ್ಲ, ಎರಡು ಕಿಲೋ ರವಾ ತಗೊಂಡೆ. ಮನ್ಯಾಗ ಬಂದು ಬಿಚ್ಚಿದ್ರ ಹುಳಾ ಇದ್ವು. ಸುಮ್ಮನ ಜಾಡಿಸಿ ಉಪ್ಪಿಟ್ಟು ಮಾಡಿದೆ.

ಇನ್ನ ಗೆಳತಿ. ವಾರದ ಮ್ಯಾಲೆ ಆಕಿ ಪ್ಯಾಕಿಂಗಿನಿಂದ ಎದ್ದು ಬಂದು, ಸುಳ್ಳ ಚೌಕಶಿಗೆ ಹೋದಾಕಿ ಖರೇ ಹೇಳ್ತೀನಿ ಕೇಳು ಅಂದ್ಲು. ಆಕಿಗೆ ಖಾನಾಪುರದಾಗ ಔಷಧ ಅಂಗಡಿ ಇಟ್ಟ ಮೈದುನ ಒಬ್ಬ ಇದ್ದ. ಓಣಿ ಅಷ್ಟು ಹೊಗಳಿದ ಮ್ಯಾಲೆ ಆಕಿ ಗಂಡನ ಮನಸ್ಸಿನಾಗೂ ಅದ ಬಂದಿತ್ತಂತ. ಹುಡುಗ ಬಂದ, ನಮ್ಮ ಮನಿಗಲ್ಲ, ದವಾಖಾನಿ ಕ್ಯಾಂಟೀನಿಗೆ. ಇಬ್ಬರೂ ಮಾತಾಡಿದ್ರು. ನಮ್ಮ ತಂಗಿ ಅವತ್ತು ಮನಿಗೆ ಬಂದು ರೊಟ್ಟಿ ಬಡಿಯೂವಾಗ ಗುಣಗುಣ ಹಾಡಿಕೊಂಡ್ಲು. ಲಗ್ನಾ ಗಟ್ಟಿ ಆತು, ಕಾಕುಗೆ ಮಾತ್ರ ಸುಳಿವು ಕೊಡಲಿಲ್ಲ.

ಆಮ್ಯಾಲಿನ ಎರಡು ತಿಂಗಳು ನಾ ಮಾಡಿದ ನಾಟಕಕ್ಕ ನನಗ ಬಹುಮಾನ ಕೊಡಬೇಕು. ದಿನಾ ಸಂಜಿಕ ಕಾಕು ಮನ್ಯಾಗ ಕುಂತು, ರೇಷ್ಮಿ ಸೀರಿಯವರೂ ತಿರುಗಿ ನೋಡಲಿಲ್ಲ ಕಾಕು, ನಮ್ಮ ಹುಡುಗಿ ಹಣೇಬರಾನ ಹಿಂಗ ಅಂತ ಕಣ್ಣ ವರಸಿಕೊಳ್ಳತಿದ್ದೆ. ಆಕಿ ನನ್ನ ಬೆನ್ನ ಸವರತಿದ್ಲು. ಸುಳ್ಳಿಗೂ ಒಂದು ರುಚಿ ಐತಿ, ಕಾಕು ಯಾಕ ಬಿಡಲಿಲ್ಲ ಅಂತ ತಿಳೀತು. ಕಾಕು ಕೊಟ್ಟ ಚಹಾಕ್ಕ ಆ ದಿನಗೋಳಾಗ ಭಾಳ ಸವಿ ಇತ್ತು.

ಲಗ್ನದ ಹದಿನೈದು ದಿನಾ ಮುಂಚೆ ಕುಂಕುಮದ ಬಟ್ಟಲಾ, ಅಕ್ಷತಾ ಹಿಡಕೊಂಡು ಓಣಿಗೆ ಆಮಂತ್ರಣ ಹೇಳಾಕ ಹೊಂಟೆ. ಮೊದಲ ಮನಿ ಕಾಕುಂದು. ಜೋಡಿ ಗೆಳತಿ ಇದ್ಲು, ಅದ ರೇಷ್ಮಿ ಸೀರಿ ಉಡು ಅಂತ ನಾನ ಹೇಳಿದ್ದೆ. ಕಾಕು ಮಣಿ ಹಾಕಿ ಕುಂದರ್ರಿ ಅಂದಾಕಿ ಗೆಳತಿ ಮಾರಿ ನೋಡಿ ಅಲ್ಲೇ ನಿಂತ್ಲು.

"ಕಾಕು, ಇವರು ನಮ್ಮ ಬೀಗರು," ಅಂದೆ. "ನಿಮ್ಮ ಮಾತು ಕೇಳಿನ ಒಪ್ಪಿಕೊಂಡ್ರು."

ಕೈಯಾಗ ಅಕ್ಷತಾ ಇಡೂವಾಗ ನನ್ನ ಬೆರಳಿಗೆ ಆಕಿ ಅಂಗೈ ಬೆವರು ಹತ್ತಿತು. ಬಾಯಿ ತೆರೀತು, ಕನ್ನಡಾನೂ ಬರಲಿಲ್ಲ, ಮರಾಠಿನೂ ಬರಲಿಲ್ಲ. ನಾ ಕಾರ್ಡ್ ಕೊಟ್ಟು, ತಪ್ಪಸಬ್ಯಾಡ್ರಿ ಅಂತ ಎರಡೂ ಕೈ ಮುಗದು ಬಂದೆ. ಅಷ್ಟು ಸಮಾಧಾನದ ನಿದ್ದಿ ನಾ ಎಷ್ಟೋ ವರ್ಷದಿಂದ ಮಾಡಿರಲಿಲ್ಲ.

ಲಗ್ನಾ ಖಾನಾಪುರದಾಗ ಆತು. ಕಾಕು ಬಂದ್ಲು, ಬರದಿದ್ರ ಓಣಿ ಕೇಳತೈತಲ್ಲ. ಸಕ್ಕರಿ ಬ್ಯಾನಿ ಮರತು ಎರಡು ಹೋಳಿಗಿ ಉಂಡ್ಲು. ತಂಗಿಗೆ ಒಂದು ಹೊಸಾ ಕೌದಿ ಕೊಟ್ಟು, ಕಣ್ಣ ಕಾಣದಿದ್ರೂ, ಕೈ ನಡಗಿದ್ರೂ ನಿನ್ನ ಸಲುವಾಗಿ ಹೊಲದೇನಿ ಅಂತ ನಾಕು ಮಂದಿಗೆ ಕೇಳೂ ಹಂಗ ಹೇಳಿದ್ಲು. ತಂಗಿ ಆಕಿ ಕಾಲಿಗೆ ಬಿದ್ದು ಅತ್ಲು. ನನಗ ಅಳು ಬರಲಿಲ್ಲ. ನಾ ಹೊಲಿಗಿ ನೋಡಾಕತ್ತಿದ್ದೆ.

ಮರುದಿವಸ ಮುಂಜಾನೆ ಏಳಕ್ಕ ಕಾಕು ಸೂಜಿ ಪೆನ್ನು ಹಿಡಕೊಂಡು ನಮ್ಮ ಬಾಗಲಕ ನಿಂತ್ಲು. ನಿನ್ನ ಸುತಗಿ ಕೈನ ಆಗ್ಲಿ, ಚುಚ್ಚು ಅಂದ್ಲು. ನಾ ಆಕಿ ರಟ್ಟಿ ಹಿಡದು ಆಕಿ ಮನಿಗೇ ಕರಕೊಂಡು ಹೋದೆ. ಕಾಟಿನ ಮ್ಯಾಲೆ ಅರ್ಧಾ ಹೊಲದ ಇನ್ನೊಂದು ಕೌದಿ ಬಿದ್ದಿತ್ತು, ಹೊಲಿಗಿ ಸೂಜಿ ಅದರಾಗ ಚುಚ್ಚಿತ್ತು. ಅದನ್ನ ಆಕಿ ತೊಡಿ ಮ್ಯಾಲೆ ಹಾಸಿದೆ.

"ಇದನ್ನ ಚುಚ್ಚಿದ್ದು ಯಾರ ಕೈ ಕಾಕು?"

ಆಕಿ ನನ್ನ ನೋಡಿದ್ಲು, ಕೌದಿ ನೋಡಿದ್ಲು. ಶುದ್ಧ ಕನ್ನಡದಾಗ ಏನೋ ಹೇಳಾಕ ಹೋದ್ಲು, ಅರ್ಧಕ್ಕ ಬಿಟ್ಲು. ನಾ ಕೈ ಕಟ್ಟಿಕೊಂಡು ನಿಂತೆ. ಸಿಟ್ಟು ಎಷ್ಟಿದ್ರೂ ಸೂಜಿ ಬಿಟ್ಟು ಸಾಯಲಿ ಅನ್ನೂವಷ್ಟು ನಾ ಕೆಟ್ಟಾಕಿ ಅಲ್ಲ, ಎಷ್ಟು ತಿರುವಬೇಕು, ಎಲ್ಲೆ ಚುಚ್ಚಬೇಕು ಅಂತ ತಂಗಿ ಬರದು ಕೊಟ್ಟ ಚೀಟಿ ಓದಿ ಹೇಳಿದೆ. ಆಕಿ ಸೆರಗು ಸರಿಸಿ, ಹೊಟ್ಟಿಗೆ ಪೆನ್ನು ಹಚ್ಚಿ ಒತ್ತಿದ್ಲು. ಕೈ ಒಂಚೂರೂ ನಡಗಲಿಲ್ಲ. ಒಂದು ವಾರ ಮುಂಜಾನೆ ಸಂಜಿಕ ಹೋಗಿ ಹಂಗ ನಿಂತು ನೋಡಿದೆ. ನೋಡಾಕ ಹೋಗಿದ್ದು ಆಕಿ ಕಾಳಜಿಗೆ ಅಂತ ಓಣಿ ತಿಳಕೊಂಡಿತು. ನನಗ ಅದು ಸಿನಿಮಾ ನೋಡಿದಷ್ಟು ಖುಷಿ ಕೊಡತಿತ್ತು, ಸುಳ್ಳ ಯಾಕ ಹೇಳಲಿ.

ಅಷ್ಟಕ್ಕ ಮುಗೀತು ಅಂತ ನಾನೂ ತಿಳಕೊಂಡಿದ್ದೆ. ಜೂನ್‌ದಾಗ ಒಂದು ಮಧ್ಯಾಹ್ನ ಖಾನಾಪುರದಿಂದ ಒಬ್ಬಾಕಿ ಹೆಣ್ಣಮಗಳು ನಮ್ಮ ಮನಿಗೆ ಬಂದ್ಲು. ಕಾಕು ತಮ್ಮನ ಮಗನ ಹೆಂಡ್ತಿ. ಕಾಕು ಮನಿಗೆ ಹೋಗೂಕ್ಕಿಂತ ಮೊದಲ ನಮ್ಮ ಕಡೆ ಬಂದಿದ್ಲು, ಚೌಕಶಿಗೆ. ಆಕಿ ಮಗಳು ಹತ್ತನೇ ಕ್ಲಾಸ್ ಪಾಸಾಗಿದ್ಲು, ಬೆಳಗಾವ್ಯಾಗ ಕಾಲೇಜಿಗೆ ಹಾಕೂ ವಿಚಾರ. ಹುಡುಗೀನ ನನ್ನ ಹತ್ತರ ಬಿಡ್ರಿ, ನನಗ ಕೈ ನಡಗತಾವ, ಕಣ್ಣ ಕಾಣಂಗಿಲ್ಲ, ದಿನಾ ಎರಡು ಸಲ ಸೂಜಿ ಚುಚ್ಚಿದ್ರ ಸಾಕು ಅಂತ ಕಾಕು ಫೋನ್ ಹಚ್ಚಿದ್ಲಂತ. ಮಗಳಿಗೆ ಹಾಸ್ಟೆಲ್ಲಿನಾಗ ಗೆಳತ್ಯಾರ ಜೋಡಿ ಇರೂ ಆಸೆ. ಆದ್ರ ಮುದುಕಿನ್ನ ನಡುನೀರಾಗ ಬಿಟ್ಟಂಗ ಆಗಬಾರದಲ್ಲ, ಅದಕ್ಕ ಬಾಜೂಮನಿಯವರು ನೀವು ಖರೇ ಹೇಳ್ರಿ ಅಂದ್ಲು.

ಗ್ವಾಡಿ ಆ ಕಡೆ ಕಾಕು ರೇಡಿಯೋ ಸಪ್ಪಳ ಕೇಳತಿತ್ತು. ಆರು ವರ್ಷ ಓಡಿ ಓಡಿ ಬಂದ ನನ್ನ ತಂಗಿ ಕಣ್ಣ ಮುಂದ ಬಂದ್ಲು. ಎಲಿ ಮುಂದಿಂದ ಎದ್ದು ಬಸ್ಸು ಹಿಡದಾಕಿ, ಬಚ್ಚಲದಾಗ ನೀರು ಬಿಟ್ಟುಕೊಂಡು ಕುಂತಾಕಿ. ಒಂದು ಸುಳ್ಳ ಹೇಳಿದ್ರೂ ನಡೀತಿತ್ತು ಅವತ್ತು, ಬೇಕಾದಷ್ಟು ಬಾಯಿತುದಿಗೆ ಬಂದಿದ್ವು. ಒಂದೂ ಬೇಕಾಗಲಿಲ್ಲ.

"ಬಂಗಾರದಂಥಾಕಿ ನಿಮ್ಮ ಕಾಕು," ಅಂದೆ. "ಕೈ ನಡಗತಾವ ಅಂತಿದ್ರು. ಈಗ ಆರಾಮ ಅದಾರ. ಎರಡೂ ಹೊತ್ತು ತಾವ ಚುಚ್ಚಿಕೊಳ್ತಾರ, ಕೌದಿ ಹೊಲೀತಾರ. ಯಾರೂ ಬೇಕಾಗಿಲ್ಲ. ಹುಡುಗೀನ ಹಾಸ್ಟೆಲ್ಲಿಗೆ ಹಾಕ್ರಿ."

ಆ ಹೆಣ್ಣಮಗಳು ಉಸಿರು ಬಿಟ್ಲು. ಚಹಾ ಕುಡದು, ಸೆರಗು ಸರಿ ಮಾಡಿಕೊಂಡು ಎದ್ಲು. ಬಾಗಲದಾಗ ಚಪ್ಪಲಿ ಮೆಟ್ಟೂವಾಗ ರೀತಿ ಪ್ರಕಾರ ಹೇಳಿದ್ಲು, ಹೆದರಬ್ಯಾಡ್ರಿ ಅಕ್ಕಾರ, ನೀವು ಹೇಳಿದ್ರಿ ಅಂತ ನಾ ಕಾಕು ಮುಂದ ಹೇಳಂಗಿಲ್ಲ.

"ಹೇಳ್ರಿ," ಅಂದೆ. "ನಾನ ಹೇಳೇನಿ ಅಂತ ಹೇಳ್ರಿ."